ನನಗೊಬ್ಬನಿಗೇ ಬೀಸಿದ ಜೋಳ

ಮಿರಜಿನ ಆಸ್ಪತ್ರೆಯಲ್ಲಿ ಪಥ್ಯ ಹೇಳುವ ಡಾಯೆಟ್ ಮೇಡಂ ನನ್ನ ರಕ್ತದ ವರದಿಯನ್ನು ಎರಡು ಸಲ ಓದಿ ಮೇಜಿನ ಮೇಲಿಟ್ಟರು. ನನಗಿಂತ ಹದಿನೈದು ವರ್ಷವಾದರೂ ಚಿಕ್ಕವರು. ತಾಯಿಯ ತವರು ಅಥಣಿ ಕಡೆಯದಾದ್ದರಿಂದ ನನ್ನ ಜೊತೆ ಕನ್ನಡದಲ್ಲೇ ಮಾತಾಡುತ್ತಿದ್ದರು.

"ಸರ್, ಎಲ್ಲಿಂದೋ ಗೋಧಿ ನಿಮ್ಮ ಹೊಟ್ಟ್ಯಾಗ ಹೋಗಾಕತ್ತೈತಿ."

"ಶಕ್ಯನ ಇಲ್ರಿ. ಹತ್ತು ತಿಂಗಳಾತು, ಒಂದು ಬಿಸ್ಕೀಟ ಮುಟ್ಟಿಲ್ಲ. ನನಗ ಎಲ್ಲಾ ನೆನಪೈತಿ."

"ನೆನಪ ಬಾಜೂಕ ಇಡ್ರಿ. ವಹಿ ಬರೀರಿ ಅಂತ ಹೇಳಿದ್ನಲ್ಲ, ಎಲ್ಲೈತಿ?"

ವಹಿ ಎಂದು ಒಂದು ನೋಟುಬುಕ್ಕೂ ನನ್ನಲ್ಲಿರಲಿಲ್ಲ. ಧಾರವಾಡದಲ್ಲಿ ಇತಿಹಾಸ ಓದಿ, ಕಣ್ಣಾರೆ ಕಂಡವನ ಸಾಕ್ಷಿಯನ್ನೂ ಪೂರ್ತಿ ನಂಬಬಾರದು ಎಂದು ಇಪ್ಪತ್ತು ವರ್ಷ ಕಾಲೇಜಿನಲ್ಲಿ ಪಾಠ ಹೇಳಿದವನು ನಾನು. ತಿಂದದ್ದನ್ನು ಬರೆದಿಡುವುದು ಮಾತ್ರ ದಡ್ಡರ ಕೆಲಸ ಅನ್ನಿಸಿತ್ತು.

"ಎಂಟ ದಿನ ರಜಾ ಹಾಕ್ರಿ," ಅಂದರು ಮೇಡಂ. "ನೀವ ಏನ್ ತಿಂದ್ರಿ ಅಂತ ಬರೀಬ್ಯಾಡ್ರಿ. ನಿಮ್ಮ ಹಿಟ್ಟ ಎಲ್ಲಿ ಇರತೈತಿ, ಯಾರ ಮುಟ್ಟತಾರ, ಅದನ್ನ ಬರೀರಿ."

ಆ ದಿನ ನನ್ನನ್ನು ಹೆದರಿಸಿದ್ದು ಅವರಲ್ಲ, ಅದಕ್ಕೆ ಮೊದಲು ಕಂಡ ಹೊಟ್ಟೆಯ ಡಾಕ್ಟರು. ಮೂರು ತಿಂಗಳಲ್ಲಿ ರಕ್ತದ ಈ ಅಂಕಿ ಇಳಿಯದಿದ್ದರೆ ಮತ್ತೆ ಗಂಟಲೊಳಗೆ ನಳಿಗೆ ಇಳಿಸಿ, ಕರುಳಿನಲ್ಲಿ ಬೇರೆ ಏನಾದರೂ ಕೆಟ್ಟದ್ದು ಬೆಳೆಯುತ್ತಿದೆಯೇ ನೋಡಬೇಕು ಅಂದಿದ್ದರು. ಕೆಟ್ಟದ್ದು ಅಂದರೇನು ಎಂದು ನಾನು ಕೇಳಲಿಲ್ಲ, ಅವರು ಹೇಳಲಿಲ್ಲ. ಊರಿಗೆ ಮರಳುವ ಕಾಗವಾಡದ ಬಸ್ಸಿನಲ್ಲಿ ಸೀಟು ಸಿಕ್ಕರೂ ಕೂರಲಾಗದೆ ಬಾಗಿಲ ಹತ್ತಿರ ನಿಂತೇ ಬಂದೆ.

ಸೀಲಿಯಾಕ್ ಎಂಬ ರೋಗದ ಹೆಸರು ನನಗೆ ಗೊತ್ತಾದದ್ದು ಹಿಂದಿನ ದೀಪಾವಳಿಯ ಹೊತ್ತಿಗೆ. ಗೋಧಿಯಲ್ಲಿರುವ ಗ್ಲುಟೆನ್ ಅನ್ನುವ ಅಂಶವನ್ನು ನನ್ನ ದೇಹ ವೈರಿಯೆಂದು ತಿಳಿದು, ಅದರ ಮೇಲಿನ ಸಿಟ್ಟಿಗೆ ತನ್ನ ಕರುಳನ್ನೇ ಸವೆಸಿಕೊಳ್ಳುತ್ತದೆಯಂತೆ. ಅದಕ್ಕೂ ಮುಂಚೆ ಎರಡು ವರ್ಷ ನಾನು ಪಾಠ ನಡುವೆ ಬಿಟ್ಟು ಪಾಯಖಾನೆಗೆ ಓಡುತ್ತಿದ್ದೆ. "ಸರ್ ಪಾಣಿಪತ್ತಕ್ಕ ಹೋದ್ರು," ಎಂದು ಹಿಂದಿನ ಬೆಂಚಿನವರು ನಗುವುದು ಕಾರಿಡಾರಿನವರೆಗೂ ಕೇಳುತ್ತಿತ್ತು.

ಮೊದಲ ಭೇಟಿಯಲ್ಲೇ ಮೇಡಂ ಹೇಳಿದ್ದರು: "ಇದಕ್ಕ ಗುಳಿಗಿ ಇಲ್ರಿ, ಊಟನ ಔಷಧ. ಜ್ವಾಳದ ಸೀಮ್ಯಾಗ ಹುಟ್ಟೀರಿ, ನಿಮ್ಮ ನಶೀಬ ಚಲೋ ಐತಿ. ಗಿರಣಿ ಹಿಟ್ಟ ಮಾತ್ರ ಬ್ಯಾಡ." ಗಿರಣಿಯಲ್ಲಿ ನಮ್ಮ ಜೋಳಕ್ಕಿಂತ ಮುಂಚೆ ಇನ್ನೊಬ್ಬರ ಗೋಧಿ ಬಿದ್ದಿರುತ್ತದೆ, ಅದರ ಪುಡಿ ನಮ್ಮ ಡಬ್ಬಿಗೂ ಬರುತ್ತದೆ. ಅದಕ್ಕೇ ಅಜ್ಜಿಯ ಕಾಲದ, ಹಿತ್ತಲಲ್ಲಿ ಮಣ್ಣು ಹಿಡಿದು ಬಿದ್ದಿದ್ದ ಬೀಸುಕಲ್ಲನ್ನು ತೊಳೆದು, ಹೊಸದಾಗಿ ಉಳಿ ಹೊಡೆಸಿ, ಹಿಂದಿನ ಪಡಸಾಲೆಯಲ್ಲಿ ಇಟ್ಟೆವು. ಅದರಲ್ಲಿ ನನ್ನ ಜೋಳ ಮಾತ್ರ. ಹೆಂಡತಿ ಪ್ರಾಥಮಿಕ ಶಾಲೆಯ ಶಿಕ್ಷಕಿ. ಶಾಲೆಗೆ ಹೋಗುವ ಮುಂಚೆ ದಿನಾ ಅರ್ಧ ಸೇರು ಬೀಸುತ್ತಿದ್ದಳು. ಅವಳ ಅಂಗೈಯಲ್ಲಿ ಗುಳ್ಳೆ ಎದ್ದು ಒಡೆದು ಗಟ್ಟಿಯಾದವು. ಮೊದಲ ನಾಲ್ಕು ತಿಂಗಳು ತೂಕ ಏರಿತು, ಮುಖಕ್ಕೆ ಬಣ್ಣ ಬಂತು. ಯುಗಾದಿ ಕಳೆದ ಮೇಲೆ ಮತ್ತೆ ಇಳಿಯತೊಡಗಿತು. ಬೆಲ್ಟಿಗೆ ಮೊಳೆಯಿಂದ ಎರಡು ಹೊಸ ತೂತು ಹಾಕಿಕೊಂಡೆ. ಕಾಲೇಜಿನ ಹದಿನೆಂಟು ಮೆಟ್ಟಿಲು ಹತ್ತಲು ನಡುವೆ ಒಮ್ಮೆ ಗೋಡೆ ಹಿಡಿಯಬೇಕಾಗುತ್ತಿತ್ತು.

ಮಿರಜಿನಿಂದ ಬಂದವನು ವಹಿ ಬರೆಯಲಿಲ್ಲ. ಆರೋಪಿಯನ್ನು ಹುಡುಕಿದೆ.

ಜೋಳ ಹಳತಾದರೆ ಹಿಟ್ಟಿಗೆ ಜಿಗಿ ಇರುವುದಿಲ್ಲ, ರೊಟ್ಟಿ ಬಡಿಯುವಾಗ ಅಂಚು ಒಡೆಯುತ್ತದೆ. ನಮ್ಮ ಕಡೆ ಹೆಂಗಸರು ಆಗ ಒಂದು ಹಿಡಿ ಗೋಧಿ ಹಿಟ್ಟು ಸೇರಿಸುವುದುಂಟು. ಅವ್ವನೂ ಸೇರಿಸುತ್ತಿದ್ದಳು. "ಈ ಜ್ವಾಳಕ್ಕ ಜಿಗಿನ ಇಲ್ಲ ನೋಡ್ರಿ," ಎಂದು ಬೇಸಿಗೆಯಲ್ಲಿ ಹೆಂಡತಿ ಅಂದದ್ದು ನೆನಪಾಯಿತು. ಅದರ ಬೆನ್ನಿಗೇ ಇನ್ನೊಂದು ಚಿತ್ರ: ಅವಳ ಬಲಗೈ ಮೇಲಿನ ಹಲಗೆಗೆ ಹೋಗುತ್ತದೆ, ಸ್ಟೀಲಿನ ಡಬ್ಬಿಯ ಮುಚ್ಚಳ ತೆಗೆಯುತ್ತದೆ, ಬಿಳಿ ಹಿಟ್ಟಿನೊಂದಿಗೆ ಕೆಳಗೆ ಬರುತ್ತದೆ. ಬಳೆಯ ಸದ್ದು ಸಮೇತ ನನಗೆ ನೆನಪಿತ್ತು.

"ನೀನ ಹಾಕಾಕತ್ತಿ," ಅಂದೆ. "ರೊಟ್ಟಿ ಒಡೀಬಾರದಂತ ನನ್ನ ಕೊಲ್ಲಾಕತ್ತಿ. ನಾ ಕಣ್ಣಾರೆ ನೋಡೀನಿ."

ಅವಳು ತವೆಯ ಮೇಲಿದ್ದ ರೊಟ್ಟಿ ತಿರುವಿ ಹಾಕಿ, ಒಲೆ ಆರಿಸಿ, ಎದ್ದು ನಿಂತಳು.

"ಎದರಾಗಿಂದ ತಗದ್ನಿ?"

"ಆ ಸ್ಟೀಲ ಡಬ್ಬಿ."

ಡಬ್ಬಿ ಇಳಿಸಿ ನನ್ನ ಮುಂದೆ ಕುಕ್ಕಿದಳು. ಶೇಂಗಾ ಇತ್ತು. "ದೀಪಾವಳಿ ಆದ ಮರುದಿನ ಇದರಾಗಿನ ಗೋಧಿ ಹಿಟ್ಟ ಓಣ್ಯಾಗ ಕೊಟ್ಟ ಬಂದ್ನಿ. ನಾ ಚಪಾತಿ ತಿಂದ ಹತ್ತ ತಿಂಗಳಾತ್ರಿ. ಅದನ್ನ ನೋಡೀರೇನು ಕಣ್ಣಾರೆ?"

ಇವತ್ತಿಗೂ ಆ ಬಲಗೈ ನನಗೆ ಸ್ಪಷ್ಟವಾಗಿ ಕಾಣುತ್ತದೆ. ಬಹುಶಃ ಅದು ಅವ್ವನ ಕೈ. ಅಥವಾ ಯಾರದೂ ಅಲ್ಲ, ಹೆದರಿಕೆಯಲ್ಲಿ ನಾನು ಮಾಡಿಕೊಂಡದ್ದು.

ಮರುದಿನ, ಹೇಳಿಕೊಳ್ಳಲಾಗದ ನಾಚಿಕೆಯಲ್ಲಿ, ವಹಿ ಹಿಡಿದು ಹಿಂದಿನ ಪಡಸಾಲೆಯಲ್ಲಿ ಕೂತೆ. ಜೋಳದ ಚೀಲ, ಮೊರ, ಕಲ್ಲು, ಹಿಟ್ಟಿನ ಬೋಗುಣಿ. ಮೂರು ದಿನ ಏನೂ ಆಗಲಿಲ್ಲ. ಏನೂ ಆಗದಿರುವುದೇ ಹೆಚ್ಚು ಭಯ ಹುಟ್ಟಿಸಿತು. ಗೋಧಿ ಎಲ್ಲಿಂದಲೂ ಬರುತ್ತಿಲ್ಲ ಅಂದರೆ, ಡಾಕ್ಟರು ಹೆಸರು ಹೇಳದ ಆ ಕೆಟ್ಟದ್ದೊಂದೇ ಉಳಿಯುತ್ತದೆ. ಕೂರುತ್ತಿದ್ದೆ, ಏಳುತ್ತಿದ್ದೆ, ಚೀಲದೊಳಗೆ ಕೈ ಹಾಕಿ ಕಾಳು ಹರಡಿ ನೋಡುತ್ತಿದ್ದೆ. ಹೇಗಾದರೂ ಗೋಧಿ ಸಿಗಲಿ ಎಂದು ಬೇಡಿಕೊಳ್ಳುವ ಸ್ಥಿತಿಗೆ ಬಂದಿದ್ದೆ.

ನಾಲ್ಕನೆಯ ದಿನ ಗುರುವಾರ. ಹೆಂಡತಿ ಶಾಲೆಗೆ ಹೋಗಿದ್ದಳು. ಮಧ್ಯಾಹ್ನ ಹಿತ್ತಲ ಬಾಗಿಲು ತಳ್ಳಿಕೊಂಡು ಹಿಂದಿನ ಓಣಿಯ ಮುದುಕಿ ಬಂದರು, ಎಲ್ಲರೂ ಕಾಕು ಅನ್ನುವವರು. ಎಪ್ಪತ್ತು ದಾಟಿದವರು, ಅಜ್ಜಿಯ ಕಾಲದಿಂದ ನಮ್ಮ ಮನೆಗೆ ಬಳಕೆ. ಸೊಂಟದ ಮೇಲೆ ಬುಟ್ಟಿ.

"ಏನ್ರಿ ಮಾಸ್ತರ, ಕಲ್ಲ ಕಾಯಾಕ ಕುಂತೀರಿ? ಯಾರೂ ಒಯ್ಯೂದಿಲ್ಲ ಬಿಡ್ರಿ, ಎತ್ತಾಕ ನಾಕ ಮಂದಿ ಬೇಕು!"

ಬುಟ್ಟಿಯಲ್ಲಿ ಗೋಧಿ ಇತ್ತು.

"ಇಲ್ಲಿ ಬೀಸತೀರೇನು, ಕಾಕು?"

"ಸಜ್ಜಕದ ರವಾರಿ. ಗುರುವಾರ ನೈವೇದ್ಯಕ್ಕ ಬೇಕಲ್ಲ. ಗಿರಣ್ಯಾಗ ಒಡಸಿದ್ರ ಹಿಟ್ಟ ಆಗಿಬಿಡತೈತಿ."

"ಯಾರನ್ನ ಕೇಳಿದ್ರಿ?"

"ಅಯ್ಯ, ನಿಮ್ಮನ್ನ! ಯುಗಾದಿ ಮುಂದ. ಪೇಪರ ತಿದ್ದಾಕತ್ತಿದ್ರಿ. ಬೀಸಕೊಂಡ ಹೋಗ್ರಿ ಕಾಕು, ಅದಕ್ಕೇನ ಕೇಳತೀರಿ ಅಂದ್ರಿ. ಚಾ ಕುಡದ ಹೋಗ್ರಿ ಅಂತನೂ ಅಂದ್ರಿ, ಚಾ ಮಾತ್ರ ಬರಲಿಲ್ಲ."

ನೆನಪಿನಲ್ಲಿ ಹುಡುಕಿದೆ. ಉತ್ತರಪತ್ರಿಕೆಗಳ ಕಟ್ಟು ಸಿಕ್ಕಿತು, ಕೆಂಪು ಪೆನ್ನು ಸಿಕ್ಕಿತು. ಕಾಕು ಸಿಗಲಿಲ್ಲ.

"ನನಗ ಗೋಧಿ ಆಗೂದಿಲ್ಲಂತ ಗೊತ್ತಿಲ್ಲೇನ್ರಿ?"

"ಗೊತ್ತೈತ್ರಿ. ಮಾಸ್ತರ ತಿನ್ನಬಾರದು. ಕಲ್ಲೂ ತಿನ್ನಬಾರದೇನು?" ಆಮೇಲೆ ನನ್ನ ಮುಖ ನೋಡಿ ಮೆತ್ತಗಾದರು. "ಹೊಲಸ ಬಿಟ್ಟ ಹೋಗಾಕಿ ಅಲ್ರಿ ನಾ. ಅರಿವೀಲೆ ಒರಸಿ, ಕಲ್ಲಿನ ಬಾಯಾಗ ಒಂದ ಚಿಮಟಿ ಗೋಧಿ ಕಾಳ ಬಿಟ್ಟ ಹೋಗತೀನಿ. ಎರವಲ ಕಲ್ಲ ಉಪಾಸ ಇಡಬಾರದಲ್ಲ. ನಿಮ್ಮ ಅಜ್ಜಿನ ಕಲಿಸ್ಯಾಳ."

ಇಬ್ಬರೂ ಸೇರಿ ಮೇಲಿನ ಕಲ್ಲನ್ನು ಎತ್ತಿ ಓರೆ ಮಾಡಿದೆವು. ನಡುವಿನ ಗೂಟದ ಸುತ್ತ, ಉಳಿ ಹೊಡೆದ ಗೆರೆಗಳಲ್ಲಿ, ಜೋಳದ ಬಿಳಿ ಹಿಟ್ಟಿನ ನಡುವೆ ಕೆಂಪು ಹೊಟ್ಟು ಅಂಟಿಕೊಂಡಿತ್ತು. ಐದು ತಿಂಗಳ ಗುರುವಾರಗಳು. ಪ್ರತಿ ಶುಕ್ರವಾರ ಬೆಳಿಗ್ಗೆ ನನ್ನ ಹೆಂಡತಿ ಅಂಗೈ ಒಡೆದುಕೊಂಡು, ನನಗೊಬ್ಬನಿಗೇ ಎಂದು ಬೀಸಿದ್ದು ಅದನ್ನೂ ಸೇರಿಸಿಯೇ.

ಫೋನಿನಲ್ಲಿ ಮೇಡಂ ಬಹಳ ಮಾತಾಡಲಿಲ್ಲ. "ಆ ಕಲ್ಲ ಅವರಿಗೇ ಕೊಡ್ರಿ. ಮನ್ಯಾಗ ಇಡೂ ಸಣ್ಣ ಕರೆಂಟ ಗಿರಣಿ ತರ್ರಿ, ಅದಕ್ಕ ಯಾರನ್ನೂ ಕೈ ಹಚ್ಚಾಕ ಬಿಡಬ್ಯಾಡ್ರಿ. ಅಂಕಿ ಇಳೀತೈತಿ ಅಂತ ನಾ ಮಾತ ಕೊಡೂದಿಲ್ಲ. ನೋಡೂನು." ಕಾಕು ಕಲ್ಲು ಒಯ್ಯುವಾಗ ಅತ್ತರು. ಎತ್ತಲು ನಾಲ್ಕು ಮಂದಿಯೇ ಬೇಕಾದರು.

ಆ ಗುರುವಾರ ಸಂಜೆ ಹೆಂಡತಿಗೆ ಎಲ್ಲ ಹೇಳಿದೆ. ತಪ್ಪಾಯಿತು ಎಂದೂ ಹೇಳಿದೆ ಅಂತ ನನ್ನ ನೆನಪು. ಅವಳು, "ಇಲ್ಲ, ಅಂದಿಲ್ಲ," ಎನ್ನುತ್ತಾಳೆ. ಅವಳು ಹಾಗೆಂದ ದಿನ ಯಾರು ಸರಿ ಎಂದು ವಾದಿಸುವ ತಾಕತ್ತು ನನಗಿರಲಿಲ್ಲ. ತಪ್ಪಾಯಿತು ಎಂದು ಇನ್ನೊಮ್ಮೆ ಅಂದೆ. ಇದು ಮಾತ್ರ ಆಗಿದೆ, ವಹಿಯಲ್ಲಿದೆ, ಅವಳೇ ಬರೆದಿದ್ದಾಳೆ.

ವಹಿ ಈಗ ಅವಳ ಕೈಯಲ್ಲಿದೆ. ರಕ್ತದ ಪರೀಕ್ಷೆಗೆ ಇನ್ನು ಇಪ್ಪತ್ತು ದಿನ. ತೂಕ ಏರಿಲ್ಲ, ಇಳಿದೂ ಇಲ್ಲ. ಮುಂಜಾನೆ ಎದ್ದಕೂಡಲೇ ಹೊಟ್ಟೆ ಒತ್ತಿ ನೋಡಿಕೊಳ್ಳುತ್ತೇನೆ, ಒಳಗಿರುವುದು ಕೈಗೆ ಸಿಗುತ್ತದೆ ಎಂಬಂತೆ.

ಇವತ್ತು ನಾಷ್ಟಾಕ್ಕೆ ಎಷ್ಟು ತಿಂದಿರಿ ಎಂದು ಕೇಳಿದಳು. ಒಂದೂವರೆ ರೊಟ್ಟಿ ಅಂದೆ. ಅವಳು ನನ್ನ ತಾಟು ನೋಡಿ, ರೊಟ್ಟಿಯ ಬುಟ್ಟಿ ನೋಡಿ, ಎರಡು ಎಂದು ಬರೆದಳು.