ಬಣ್ಣ ಹತ್ತದ ಬಟ್ಟೆ

ಚಿತ್ತಾಪುರದಲ್ಲಿ ಬಟ್ಟೆಗೆ ಬಣ್ಣ ಹಾಕುತ್ತಿದ್ದ ಶಹರಬಾನುವಿಗೆ ೧೯೭೪ರ ಚಳಿಗಾಲದಲ್ಲಿ, ಐವತ್ತೊಂದನೆಯ ವಯಸ್ಸಿನಲ್ಲಿ, ನಿಂತುಹೋಗಿದ್ದ ಮುಟ್ಟು ತಿರುಗಿ ಬಂತು. ಹಾಗೆಂದು ಅವಳು ನಂಬಿದಳು.

ನೋವಿರಲಿಲ್ಲ, ಉರಿ ಇರಲಿಲ್ಲ. ಬಚ್ಚಲಿನ ಶಹಾಬಾದಿ ಕಲ್ಲಿನ ಮೇಲೆ ಕೆಂಪಿನ ಒಂದು ಎಳೆ, ಹಂಡೆಯ ನೀರಿಗೆ ಬಿದ್ದ ಬಣ್ಣದ ಮೊದಲ ಚಿಟಿಕೆಯಂತೆ ಬಿಚ್ಚಿಕೊಳ್ಳುತ್ತ ಮೋರಿಯ ಕಡೆ ತೆವಳಿತು. ಎರಡು ಚೊಂಬು ನೀರು ಸುರಿದಳು. ಕಲ್ಲು ಮತ್ತೆ ಬೂದಾಯಿತು.

ನಾಲ್ಕು ವರ್ಷದ ಹಿಂದೆ ಹೈದರಾಬಾದಿನ ದವಾಖಾನೆಯಲ್ಲಿ ಅವಳ ಮೂತ್ರಕೋಶದ ಕ್ಯಾನ್ಸರ್ ಗಡ್ಡೆ ತೆಗೆದಿದ್ದರು. 'ಇದು ತಿರುಗಿ ಬರುವ ಜಾತಿ. ನಳಿಗೆ ಹಾಕಿ ಆಗಾಗ ನೋಡಬೇಕು. ಮೂತ್ರದಲ್ಲಿ ಕೆಂಪು ಕಂಡರೆ ಅವತ್ತೇ ಬನ್ನಿ' ಎಂದಿದ್ದರು ಡಾಕ್ಟರು. ಎರಡು ಸಲ ಹೋದಳು. ಆ ಮೇಜು, ಆ ನಳಿಗೆ, ತಲೆಬಗ್ಗಿಸಿ ನೋಡುವ ಗಂಡಸರು. ಮೂರನೆಯ ಸಲ, ಎಲ್ಲ ವಾಸಿಯಾಯಿತೆಂದು ಮಗ ಶೌಕತ ಅಲಿಗೆ ಹೇಳಿ ಹಂಡೆಗಳ ಬಳಿಗೆ ಮರಳಿದ್ದಳು.

ಈಗ ನಮಾಜಿಗೆ ಹಾಸುವ ಜಾನಮಾಜು ಮಡಚಿ ಪೆಟ್ಟಿಗೆಯ ಮೇಲಿಟ್ಟಳು. ಮುಟ್ಟಿನ ದಿನಗಳಲ್ಲಿ ನಮಾಜಿಲ್ಲ. ಮಡಚುವಾಗ ಎದೆ ಹಗುರಾಯಿತು. ಇದು ಮುಟ್ಟಾದರೆ ಆ ಕೆಂಪಲ್ಲ.

ಅಂದಿನಿಂದ ಮನೆಯೊಳಗೆ ಯಾರೋ ಹರೆಯದವಳು ಬಂದು ಸೇರಿದಂತಾಯಿತು. ಶಹರಬಾನು ಒಲೆಗೆ ಬೆನ್ನು ಮಾಡಿದರೆ ಹಿಂದೆ ಬಳೆಯ ಸದ್ದು. ಗಂಡ ಫಕೀರಸಾಬ ಸತ್ತ ಮೇಲೆ ಒದ್ದೆ ಓಢಣಿಯ ಒಂದು ತುದಿಯನ್ನು ಮೊಳೆಗೆ ಸಿಕ್ಕಿಸಿ ಒಬ್ಬಳೇ ಹಿಂಡುತ್ತಿದ್ದಳು. ಈಗ ಆ ತುದಿಯನ್ನೂ ಯಾರೋ ಹಿಡಿದು ತಿರುವುತ್ತಿದ್ದರು.

"ಏನ ಶಹರಬೀ, ಮುಖಕ್ಕ ಭಾಳ ಕಳಾ ಬಂದದ. ಇನ್ನೊಂದು ನಿಕಾ ಮಾಡ್ಕೋತಿ ಏನು?" ಎಂದಳು ಪಕ್ಕದ ಮನೆಯ ಹೀರಾಬಾಯಿ.

"ನಿನ್ನ ಗಂಡನ್ನ ಬಿಟ್ಟುಕೊಡ್ತೀನಂದ್ರ ಹೇಳು, ಹೀರಕ್ಕ."

"ಒಯ್ಯವ್ವಾ, ಒಯ್ಯಿ. ಗೊರಕಿನೂ ಸೇರಿಸಿ ಒಯ್ಯಿ."

ನಗು ಹೊರಗಿನದು. ಒಳಗೆ, ಅವಳು ಕಟ್ಟಿಕೊಂಡ ಬಿಳಿ ಬಟ್ಟೆ ಸಂಜೆ ಬಿಚ್ಚಿದಾಗ ಬಿಳಿಯಾಗಿಯೇ ಇರುತ್ತಿತ್ತು. ಮರುದಿನವೂ ಹಾಗೇ. ಕಲ್ಲಿನ ಮೇಲೆ ಮಾತ್ರ ಆ ಎಳೆ, ದಿನದಿನಕ್ಕೂ ಗಾಢವಾಗಿ. ಗಿರಾಕಿಯ ಸೀರೆಯಲ್ಲಿ ಕಲೆ ಹುಡುಕುವಂತೆ ಅವಳು ಬಟ್ಟೆಯನ್ನು ಬಿಸಿಲಿಗೆ ಹಿಡಿದು ನೋಡಿದಳು. ಏನೂ ಇಲ್ಲ. ಅವಳೊಳಗಿನ ರಕ್ತ ಬಟ್ಟೆಯನ್ನು ಮುಟ್ಟದೆ ಯಾವುದೋ ಬೇರೆ ಬಾಗಿಲಿನಿಂದ ಓಡಾಡುತ್ತಿತ್ತು.

ಐದನೆಯ ದಿನ ಐದೂ ಬಟ್ಟೆಗಳನ್ನು ಒಗೆದು ಹಗ್ಗಕ್ಕೆ ಹಾಕಿದಳು. ಮಧ್ಯಾಹ್ನ ಬಂದ ಹೀರಾಬಾಯಿ ಹೊಸ್ತಿಲಲ್ಲೇ ನಿಂತಳು.

"ನಿನ್ನ ಹಗ್ಗದ ಮ್ಯಾಲ ಬಿಳೇ ಅರಿವಿ ನಾ ನೋಡೇ ಇಲ್ಲ. ಸತ್ತವರ ಮನಿ ಇದ್ದಂಗ ಕಾಣ್ತದ. ಇನ್ನಾ ಬಣ್ಣ ಹಾಕಿಲ್ಲೇನು?"

"ಐದು ದಿನ ಕಟ್ಟೀನಿ, ಹೀರಕ್ಕ. ಹತ್ತಲಿಲ್ಲ."

ಹೀರಾಬಾಯಿ ಬಟ್ಟೆಗಳನ್ನು ನೋಡಿದಳು, ಅವಳ ಮುಖ ನೋಡಿದಳು. "ಮತ್ತ ಎಲ್ಲಿ ಕಾಣ್ತದ?"

"ಒಂದಕ್ಕ ಕುಂತಾಗ. ಅಷ್ಟೇ."

ಹೇಳಿದ ಮೇಲೆ ಆ ಮಾತು ಶಹರಬಾನುವಿಗೇ ಕೇಳಿಸಿತು. ಹೀರಾಬಾಯಿ ಅವಳ ಬಣ್ಣಗಟ್ಟಿದ ಕೈ ಹಿಡಿದುಕೊಂಡಳು.

ಹೀರಾಬಾಯಿ ಹೋದ ಮೇಲೆ ಮನೆ ಪೂರಾ ಖಾಲಿಯಿತ್ತು. ಬಳೆಯ ಸದ್ದಿಲ್ಲ. ಒದ್ದೆ ಓಢಣಿ ಮೊಳೆಯಲ್ಲಿ ಸುಮ್ಮನೆ ಜೋತು ಬಿದ್ದಿತ್ತು. ಶಹರಬಾನು ಜಾನಮಾಜು ಇಳಿಸಿ ಹಾಸಿ, ಮುಟ್ಟಲ್ಲವೆಂದ ಮೇಲೆ ಬಾಕಿಯಾದ ಐದು ದಿನಗಳ ನಮಾಜು ಮಾಡತೊಡಗಿದಳು.

ಸಂಜೆ ಶೌಕತ ಮನೆಗೆ ಬಂದಾಗ ಹೇಳಿದಳು: "ನಾಳಿ ಗಾಡಿಗೆ ಹೈದರಾಬಾದಿಗೆ ಹೋಗೂನು, ಬೇಟಾ."

"ಯಾಕಮ್ಮೀ? ವಾಸಿ ಆಗ್ಯಾದ ಅಂದಿದ್ದಿ."

"ಸುಳ್ಳು ಹೇಳಿದ್ದೆ."

ಮರುದಿನ ಸೇಡಂ ದಾಟಿದ ಮೇಲೆ ಗಾಡಿಯ ಪಾಯಖಾನೆಗೆ ಹೋದಳು. ಕೆಳಗೆ ಹಳಿಯ ಕಲ್ಲುಗಳು ಓಡುತ್ತಿದ್ದವು, ಕೆಂಪು ಯಾವುದರ ಮೇಲೂ ನಿಲ್ಲುತ್ತಿರಲಿಲ್ಲ. ಬಂದು ಕೂತು, ಡಾಕ್ಟರಿಗೆ ತೋರಿಸಲೆಂದು ತಂದ ಐದು ಬಿಳಿ ಬಟ್ಟೆಗಳ ಗಂಟನ್ನು ತೊಡೆಯ ಮೇಲೆ ಎರಡೂ ಕೈಯಿಂದ ಹಿಡಿದುಕೊಂಡಳು.