ದೋಣಿಯ ಬ್ಯಾಟರಿ, ಅಕ್ಕನ ಮಗ್ಗ

ಇನ್ವರ್ಟರ್ ಕೀರಲು ದನಿಯಲ್ಲಿ ಕಿರುಚಿ ಸುಮ್ಮನಾಯಿತು. ಲ್ಯಾಪ್‌ಟಾಪ್‌ನ ಪರದೆ ಕಪ್ಪಾಯಿತು. ದೋಣಿ ಕೆರೆಯ ಏರಿಯಿಂದ ಕೂಗಿದರೆ ಕೇಳುವಷ್ಟೇ ದೂರದಲ್ಲಿತ್ತು. ಏರಿಯ ಮೇಲೆ ಮರಳು ಚೀಲಗಳ ರಾಶಿ ಹಾಕಿಕೊಂಡು ನಿಂತಿದ್ದವರಲ್ಲಿ ಒಬ್ಬ ಕೂಗಿದ:

"ಏನ್ರೀ, ತೂತು ಸಿಕ್ತೇನ್ರೀ? ಚೀಲ ಎಲ್ಲಿ ಹಾಕಾಣ ಹೇಳ್ರೀ!"

ನಾನು ಇನ್ವರ್ಟರನ್ನು ಆರಿಸಿ ಮತ್ತೆ ಚಾಲೂ ಮಾಡಿದೆ. ಮತ್ತೆ ಕಿರುಚಿತು.

ಎರಡು ಸಾವಿರ ಇಸವಿ ಕಳೆದ ಮೇಲಿನ ಒಂದು ಮಳೆಗಾಲವದು. ಮೊಳಕಾಲ್ಮೂರು ತಾಲ್ಲೂಕಿನ ನಮ್ಮೂರ ಕೆರೆ ಬಹಳ ವರ್ಷಗಳ ಮೇಲೆ ತುಂಬಿತ್ತು. ಊರವರು ಬಾಗಿನ ಬಿಟ್ಟು ಇನ್ನೂ ವಾರವಾಗಿರಲಿಲ್ಲ. ಏರಿಯ ಬುಡದಲ್ಲಿ, ಮನೆಗಳ ಹಿತ್ತಲಿನಲ್ಲಿ, ಬುಗ್ಗೆಯೊಂದು ಎದ್ದಿತು. ಏರಿ ಜಿನುಗುವುದು ಹೊಸದಲ್ಲ. ತಿಳಿನೀರು ಜಿನುಗಿದರೆ ಯಾರೂ ಹೆದರುವುದಿಲ್ಲ. ಈ ನೀರು ಕೆಂಪಗಿತ್ತು. ಹೊರಬರುವ ನೀರು ಕೆಂಪಗಿದ್ದರೆ ಅದು ಏರಿಯ ಒಳಗಿನ ಮಣ್ಣನ್ನು ತಿಂದುಕೊಂಡು ಬರುತ್ತಿದೆ ಎಂದು ಅರ್ಥ. ಒಳಗಿನ ಪೊಳ್ಳು ಹಿಗ್ಗುತ್ತಾ ಹೋಗಿ ಏರಿ ಒಮ್ಮೆಲೇ ಕುಸಿಯುತ್ತದೆ. ಕೆರೆಗಳ ಕೆಲಸದಲ್ಲೇ ತಲೆ ನೆರೆಸಿಕೊಂಡ ಎಂಜಿನಿಯರ್ ನಾನು. ಇದನ್ನು ನನಗೆ ಬೇರೆಯವರು ಹೇಳಬೇಕಿರಲಿಲ್ಲ.

ಏರಿ ಕೆಳಗಿನ ಬೀದಿಗಳನ್ನು ಖಾಲಿ ಮಾಡಿಸಿದೆವು. ಜನ ಕುರಿ, ಕೋಳಿ, ಪಾತ್ರೆ ಪಗಡ ಸಮೇತ ದಿಬ್ಬದ ಶಾಲೆಗೆ ಹೋದರು. ಹೋಗದೆ ಉಳಿದವಳು ಒಬ್ಬಳೇ, ನನ್ನ ಅಕ್ಕ. ಗಂಡ ತೀರಿಕೊಂಡ ಮೇಲೆ ಒಂಟಿಯಾಗಿ ರೇಷ್ಮೆ ಸೀರೆ ನೇಯ್ದು ಬದುಕಿದವಳು. ಅವಳದು ನೆಲದಲ್ಲಿ ಗುಂಡಿ ತೋಡಿ ಕೂರಿಸಿದ ಮಗ್ಗ. ಗುಂಡಿಯಲ್ಲಿ ಕಾಲು ಇಳಿಬಿಟ್ಟು ತುಳಿಯುವ ಹಲಗೆಗಳನ್ನು ಒತ್ತುತ್ತಾ ನೇಯಬೇಕು. ಎತ್ತಿಕೊಂಡು ಓಡುವ ವಸ್ತುವಲ್ಲ ಅದು. ಅರ್ಧ ನೇಯ್ದ ಸೀರೆಯನ್ನು ಬಿಡಿಸಿಕೊಳ್ಳಬೇಕೆಂದರೆ ಹಾಸನ್ನು, ಅಂದರೆ ಮಗ್ಗಕ್ಕೆ ಬಿಗಿದ ಉದ್ದೆಳೆಗಳನ್ನು, ಕೊಯ್ಯಬೇಕು. ಪೊಲೀಸಿನವರು ಹೋದರೆ ಅವಳು ಗುಂಡಿಯಲ್ಲಿ ಕಾಲಿಳಿಸಿ ಕೂತುಬಿಟ್ಟಳು. ವಯಸ್ಸಾದ ಹೆಂಗಸನ್ನು ರಟ್ಟೆ ಹಿಡಿದು ಎಳೆಯಲು ಅವರಿಗೆ ಕೈ ಬರಲಿಲ್ಲ.

ಹಾಗಾಗಿ ಉಳಿದ ದಾರಿ ಒಂದೇ. ನೀರಿನ ಕಡೆಯಿಂದ ತೂತಿನ ಬಾಯಿ ಹುಡುಕಿ ಚೀಲ ತುಂಬಬೇಕು. ಉದ್ದನೆಯ ಏರಿ; ಹಗ್ಗಕ್ಕೆ ಕಲ್ಲು ಕಟ್ಟಿ ಅಡಿಗಡಿಗೂ ಇಳಿಬಿಡುತ್ತಾ ಹೋಗುವಷ್ಟು ಸಮಯವಿರಲಿಲ್ಲ. ಕಚೇರಿಯಲ್ಲಿ ಆಳ ಅಳೆಯುವ ಯಂತ್ರವಿತ್ತು. ಅದು ನೀರಿನೊಳಗೆ ಸದ್ದು ಬಿಟ್ಟು, ತಳದ ಏರುತಗ್ಗನ್ನು ಲ್ಯಾಪ್‌ಟಾಪ್‌ನ ಪರದೆಯ ಮೇಲೆ ಗೆರೆಯಾಗಿ ಬಿಡಿಸುತ್ತದೆ. ಮೀನಿನ ಗುತ್ತಿಗೆದಾರನ ಎಂಜಿನ್ ದೋಣಿ ಸಿಕ್ಕಿತು. ಎಂಜಿನ್ ಹೊತ್ತಿಸಲು ಹಿಂಬದಿಯಲ್ಲಿ ಲಾರಿಯದರಂಥ ಬ್ಯಾಟರಿಯಿತ್ತು. ಎಂಜಿನ್ ಓಡುವಾಗ ಅದನ್ನು ತುಂಬಬೇಕಾದ ಡೈನಮೊ ಕೆಟ್ಟು ಎಷ್ಟೋ ಕಾಲವಾಗಿತ್ತು. ಲ್ಯಾಪ್‌ಟಾಪ್‌ನ ಸ್ವಂತ ಬ್ಯಾಟರಿಯಂತೂ ಸತ್ತಿತ್ತು. ಹೊರಗಿನ ಕರೆಂಟು ಒಂದು ಕ್ಷಣ ತಪ್ಪಿದರೂ ಅದು ಆರಿಹೋಗುತ್ತಿತ್ತು.

ಎಂಜಿನ್ನಿನ ಎಣ್ಣೆ, ಹೊಗೆ, ನಡುಕ ತಾಗದಿರಲೆಂದು ಯಂತ್ರ, ಇನ್ವರ್ಟರ್, ಲ್ಯಾಪ್‌ಟಾಪ್ ಮೂರನ್ನೂ ದೋಣಿಯ ಮುಂಬದಿಯಲ್ಲಿ ಅಚ್ಚುಕಟ್ಟಾಗಿ ಜೋಡಿಸಿದೆ. ಹಿಂದಿನ ಬ್ಯಾಟರಿಯಿಂದ ಮುಂದಕ್ಕೆ ಉದ್ದನೆಯ ವೈರು ಬೇಕಾಯಿತು. ನಮ್ಮ ಕಡೆ ಯಾವ ಕೆಲಸಕ್ಕೆ ವೈರು ಬೇಕಾದರೂ ಮೊದಲು ನೆನಪಾಗುವವನು ಮೈಕ್ ಸೆಟ್ಟಿನವನು. ಮದುವೆ, ಚುನಾವಣೆ, ನಾಟಕ ಎಲ್ಲಕ್ಕೂ ಹಾರ್ನ್‌ಗಳಿಗೆ ಎಳೆಯುವ ಆ ತೆಳು ವೈರು ಒಂದು ಸುರುಳಿ ಬಂತು. ಎಳೆದೆವು, ಸಿಕ್ಕಿಸಿದೆವು, ಹೊರಟೆವು. ಇನ್ವರ್ಟರ್ ಕಿರುಚಿತು.

ಬ್ಯಾಟರಿ ಖಾಲಿಯಾಗಿದೆ ಎಂದು ಎಲ್ಲರೂ ತೀರ್ಮಾನಿಸಿದರು, ನಾನೂ ಒಪ್ಪಿದೆ. ಮಳೆಗೆ ಕಂಬಗಳು ಉರುಳಿ ಮೊಳಕಾಲ್ಮೂರು, ರಾಂಪುರ ಎರಡು ಕಡೆಯೂ ಕರೆಂಟು ಹೋಗಿತ್ತು. ಜೀಪಿನಲ್ಲಿ ಬ್ಯಾಟರಿ ಹಾಕಿಕೊಂಡು ಚಳ್ಳಕೆರೆಗೆ ಓಡಿದೆ. ಅಂಗಡಿಯಲ್ಲಿ ಅದು ಚಾರ್ಜ್ ಆಗುವುದನ್ನು ನೋಡುತ್ತಾ ಕೂರುವುದಿದೆಯಲ್ಲ, ಅಂಥ ಸಂಕಟವನ್ನು ನಾನು ಇನ್ನೆಂದೂ ಪಟ್ಟಿಲ್ಲ. ಫೋನು ರಿಂಗಾದಾಗಲೆಲ್ಲ ಏರಿ ಹೋಯಿತೆಂದೇ ಎದ್ದು ನಿಲ್ಲುತ್ತಿದ್ದೆ.

ತುಂಬಿದ ಬ್ಯಾಟರಿ ತಂದು ಸಿಕ್ಕಿಸಿದ ಮೇಲೂ ಪರದೆ ಕಪ್ಪಾಯಿತೆಂದರೆ, ಆಗ ನನ್ನ ಗತಿ ಏನಿದ್ದೀತು?

"ಏಮಿ ಸಾರ್ ಇದು, ಹೊಟ್ಟೆ ತುಂಬಾ ಉಣ್ಣಿಸ್ಕೊಂಡು ಬಂದ್ರೂ ಅಳ್ತದಲ್ಲ!" ಎಂದ ದೋಣಿಯವನು. ಆಂಧ್ರದ ಗಡಿಯ ಆಚೆಯವನು, ಮಾತಿನಲ್ಲಿ ಅರ್ಧ ತೆಲುಗು. ನಗಿಸಲು ಹೇಳಿದ್ದ. ನನಗೆ ನಗು ಬರಲಿಲ್ಲ.

ದೋಣಿ ದಡಕ್ಕೆ ಹಚ್ಚಿಸಿ ಅಕ್ಕನ ಮನೆಗೆ ಹೋದೆ. ಹೊಸ್ತಿಲ ಬಳಿಯೇ ಲಾಳಿ ಓಡುವ ಸದ್ದು ಕೇಳಿಸಿತು. ಹಿತ್ತಲಿನ ಬುಗ್ಗೆಯ ನೀರು ಬಚ್ಚಲ ಕಿಂಡಿಯಿಂದ ಒಳಗೆ ಬಂದು ಮಗ್ಗದ ಗುಂಡಿ ಸೇರುತ್ತಿತ್ತು. ಅವಳ ಮೀನಖಂಡದವರೆಗೆ ಕೆಂಪು ನೀರು. ಆ ನೀರಿನೊಳಗೇ ಹಲಗೆ ತುಳಿಯುತ್ತಿದ್ದಳು.

"ಅಕ್ಕಾ, ಏಳು. ಸಾಕು."

"ಹಾಸು ಕೊಯ್ಯಾಕೆ ಕತ್ರಿ ತಂದಿದ್ದೀಯೇನು? ತಂದಿದ್ರೆ ನೀನೇ ಕೊಯ್ಯಿ. ನನ್ನ ಕೈಲಾಗಲ್ಲ."

"ಏರಿ ಒಡೆದ್ರೆ ಹಾಸೂ ಇಲ್ಲ, ನೀನೂ ಇಲ್ಲ."

"ಹಂಗಾದ್ರೆ ಹೋಗಿ ತೂತು ಮುಚ್ಚು. ಇಲ್ಲಿ ನನ್ನ ತಲೆ ಯಾಕ್ ತಿಂತೀಯ? ಜನ್ಮೆಲ್ಲಾ ಕೆರೆ ಅಳೆದವನು, ನಮ್ಮ ಕೆರೆ ತೂತು ಕಾಣಾಕಿಲ್ಲ ಅಂದ್ರೆ ಏನ್ಲಾ ಅದು?"

"ಯಂತ್ರ ನಡೀತಿಲ್ಲ ಅಕ್ಕ."

ಅವಳು ಲಾಳಿ ನಿಲ್ಲಿಸಿ ನನ್ನ ಮುಖ ನೋಡಿದಳು. "ಬೆಳಿಗ್ಗೆಯಿಂದ ಏನಾರ ತಿಂದೀಯೇನೋ?" ಎಂದಳು. ಉತ್ತರಕ್ಕೆ ಕಾಯದೆ ಮತ್ತೆ ತುಳಿಯತೊಡಗಿದಳು. ಗೂಡಿನಲ್ಲಿದ್ದ ತಣ್ಣನೆಯ ರೊಟ್ಟಿ ಮುರಿದು ಬಾಯಿಗೆ ಹಾಕಿಕೊಂಡು ಹೊರಟೆ.

ದೋಣಿ ಹತ್ತುವಾಗ ಚಪ್ಪಲಿ ಬಿಡುವುದು ನನ್ನ ರೂಢಿ. ಎಂಜಿನ್ ಮತ್ತೆ ಹೊತ್ತಿಸಿ ಯಂತ್ರ ಚಾಲೂ ಮಾಡಿದೆವು. ಮುಂದಿನಿಂದ ಹಿಂದಕ್ಕೆ ನಡೆಯುವಾಗ ಬರಿಗಾಲು ಮೈಕಿನ ವೈರನ್ನು ಮೆಟ್ಟಿತು. ತಣ್ಣಗೆ ಒದ್ದೆಯಾದ ಹಲಗೆಯ ಮೇಲೆ ಬಿದ್ದಿದ್ದ ವೈರು ಬೆಚ್ಚಗಿತ್ತು. ಬಗ್ಗಿ ಕೈಯಿಟ್ಟೆ. ಉದ್ದಕ್ಕೂ ಬೆಚ್ಚಗಿತ್ತು.

ಮೀಟರ್ ತೆಗೆದು ಬ್ಯಾಟರಿಯ ಬುಡದಲ್ಲಿ ಹಿಡಿದೆ, ಹನ್ನೆರಡು ವೋಲ್ಟಿಗೂ ಮೇಲೆ. ಇನ್ವರ್ಟರ್‌ನ ಬುಡದಲ್ಲಿ ಹಿಡಿದೆ, ಹತ್ತೂ ಇಲ್ಲ. ಬ್ಯಾಟರಿಗೆ ಏನೂ ಆಗಿರಲಿಲ್ಲ. ಹಾರ್ನ್‌ಗೆ ಸಾಕಾಗುವ ವೈರಿನಲ್ಲಿ ಇನ್ವರ್ಟರ್ ಎಳೆಯುವಷ್ಟು ಕರೆಂಟು ಹರಿಸಿದರೆ, ವೈರೇ ಅದನ್ನು ಶಾಖ ಮಾಡಿ ಉಡಾಯಿಸುತ್ತದೆ. ಬ್ಯಾಟರಿ ಬರಿದಾಗಿದೆ ಎಂದುಕೊಂಡು ಇನ್ವರ್ಟರ್ ಬಾಗಿಲು ಹಾಕಿಕೊಳ್ಳುತ್ತಿತ್ತು. ಇದಕ್ಕಾಗಿ ನಾನು ಚಳ್ಳಕೆರೆಗೆ ಹೋಗಿ ಬಂದಿದ್ದೆ.

ಮರಳು ತಂದಿದ್ದ ಲಾರಿಯಲ್ಲಿ, ಒಂದರ ಬ್ಯಾಟರಿಯಿಂದ ಇನ್ನೊಂದನ್ನು ಹೊತ್ತಿಸುವ ಹೆಬ್ಬೆರಳು ಗಾತ್ರದ ಕೇಬಲ್ ಇತ್ತು. ಅದನ್ನು ಗೇಣುದ್ದಕ್ಕೆ ಕತ್ತರಿಸಿದೆ. ಡ್ರೈವರ್ ಬೈದ, ಬೈಯಲಿ. ಯಂತ್ರ, ಇನ್ವರ್ಟರ್, ಲ್ಯಾಪ್‌ಟಾಪ್ ಮೂರನ್ನೂ ಹಿಂದಕ್ಕೆ ತಂದು ಬ್ಯಾಟರಿಯ ಮಗ್ಗುಲಿಗೇ ಇಟ್ಟೆ. ಲ್ಯಾಪ್‌ಟಾಪ್‌ನ ಹೊಟ್ಟೆಯಲ್ಲಿದ್ದ ಸತ್ತ ಬ್ಯಾಟರಿ ಕಳಚಿ ಬಿಸುಟೆ. ತುಂಬದಿದ್ದರೂ ಅದು ಸುಮ್ಮನೆ ಕರೆಂಟು ಹೀರುತ್ತಿತ್ತು. ಪರದೆಯ ಬೆಳಕನ್ನು ಗೆರೆ ಕಾಣುವಷ್ಟಕ್ಕೆ ಇಳಿಸಿದೆ. ಹನ್ನೆರಡು ವೋಲ್ಟನ್ನು ಇನ್ನೂರ ಮೂವತ್ತಕ್ಕೆ ಏರಿಸಿ, ಮತ್ತೆ ಹತ್ತೊಂಬತ್ತಕ್ಕೆ ಇಳಿಸಿ ಲ್ಯಾಪ್‌ಟಾಪ್‌ಗೆ ಕೊಡುವ ಆ ಏರಿಳಿತದಲ್ಲಿ ಪೋಲಾಗುವುದನ್ನು ತಪ್ಪಿಸಲು ಕಾರಿನಲ್ಲಿ ಬಳಸುವ ಅಡಾಪ್ಟರ್ ಬೇಕಿತ್ತು. ಅದು ಆಗ ನಮ್ಮ ತಾಲ್ಲೂಕಿನಲ್ಲಿ ಯಾರ ಬಳಿ ಇತ್ತೋ ದೇವರೇ ಬಲ್ಲ.

ಅಷ್ಟರಲ್ಲಿ ಎಂಜಿನ್ ಹೊತ್ತಿಸಿ ಹೊತ್ತಿಸಿ ಬ್ಯಾಟರಿ ನಿಜಕ್ಕೂ ಇಳಿಯತೊಡಗಿತ್ತು. ಇನ್ನೊಮ್ಮೆ ಹೊತ್ತಿಸಿದರೆ ಉಳಿದದ್ದೂ ಅದಕ್ಕೇ ಹೋಗುತ್ತದೆ.

"ಎಂಜಿನ್ ಬೇಡ. ಗಳ ಹಾಕು," ಎಂದೆ.

"ಗಾಳಿ ನೋಡ್ರಿ ಸಾರ್. ನೂಕಿದ್ರೆ ನಡೂ ಕೆರೆಗೆ ಹೋಗ್ತೀವಿ. ಎಂಜಿನ್ ಇಲ್ದೆ ಹೆಂಗ್ ವಾಪಸ್ ಬರೋದು?"

"ಈಜು ಬರುತ್ತಲ್ಲ ನಿನಗೆ?"

"ನಂಗೆ ಬರ್ತದೆ. ಮೀಕು?"

ನನಗೆ ಬರುತ್ತಿರಲಿಲ್ಲ. ಅವನು ಬಿದಿರ ಗಳ ಕೈಗೆತ್ತಿಕೊಂಡ.

ಕಂಬಳಿಯನ್ನು ತಲೆಯ ಮೇಲಿಂದ ಲ್ಯಾಪ್‌ಟಾಪ್‌ಗೂ ಸೇರಿಸಿ ಹೊದ್ದು ಕೂತೆ. ಹನಿ ಬೀಳುತ್ತಿತ್ತು. ಅವನು ಏರಿಯ ಉದ್ದಕ್ಕೂ ಗಳ ಊರುತ್ತಾ ದೋಣಿ ನೂಕಿದ. ಪರದೆಯ ಮೇಲೆ ಗೆರೆ ಸಪಾಟಾಗಿ ಹೋಗುತ್ತಿತ್ತು. ಹೊತ್ತು ಇಳಿಯುತ್ತಿತ್ತು. ಏರಿಯ ಒಂದು ಕೊನೆ ಮುಟ್ಟಿ, ಸ್ವಲ್ಪ ಒಳಗೆ ಸರಿದು ತಿರುಗಿದೆವು. ಮತ್ತೆ ಸಪಾಟು. ಇನ್ವರ್ಟರ್ ಒಮ್ಮೆ ಸಣ್ಣಗೆ ಕಿರ್ ಎಂದಿತು. ಇದು ವೈರಿನ ಕಿರುಚಾಟವಲ್ಲ, ಬ್ಯಾಟರಿ ನಿಜಕ್ಕೂ ಬತ್ತುತ್ತಿತ್ತು. ಇದೂ ಆರಿದರೆ ಅಕ್ಕನನ್ನು ನಾನೇ ಹೆಗಲ ಮೇಲೆ ಹಾಕಿಕೊಂಡು ಹೊರಬೇಕು, ಅವಳು ಹಾಸಿನ ಎಳೆಗಳಿಗೆ ಜೋತುಬಿದ್ದರೆ ಕತ್ತರಿಯನ್ನೂ ನಾನೇ ಆಡಿಸಬೇಕು ಎಂದು ಯೋಚಿಸುತ್ತಿದ್ದೆ. ಕತ್ತರಿ ಎಲ್ಲಿಡುತ್ತಾಳೆಂದು ನೆನಪು ಮಾಡಿಕೊಳ್ಳುತ್ತಿದ್ದೆ.

ಗೆರೆ ಬಾವಿಯಂತೆ ಕೆಳಗಿಳಿಯಿತು.

"ನಿಲ್ಲಿಸು!"

ಅವನು ಗಳ ಊರಿ ತಡೆದು, ಹಗ್ಗಕ್ಕೆ ಕಲ್ಲು ಕಟ್ಟಿದ್ದ ಪ್ಲಾಸ್ಟಿಕ್ ಕೊಡವನ್ನು ನೀರಿಗೆ ಹಾಕಿದ. ನೀಲಿ ಕೊಡ ಅಲ್ಲೇ ತೇಲಿತು. ಗುರುತು ಸರಿಯೇ ಎಂದು ಇನ್ನೊಮ್ಮೆ ನೋಡಲು ಕಂಬಳಿಯೊಳಗೆ ಬಗ್ಗುವಷ್ಟರಲ್ಲಿ ಪರದೆ ಕಪ್ಪಾಯಿತು.

ಏರಿಯವರು ಹಗ್ಗ ಎಸೆದು ನಮ್ಮನ್ನು ಎಳೆದುಕೊಂಡರು. ಅದೇ ಹಗ್ಗದಲ್ಲಿ ದೋಣಿಯನ್ನು ಕೊಡದ ಬಳಿಗೂ ದಡಕ್ಕೂ ಎಳೆದಾಡುತ್ತಾ, ಕಣ್ಣು ಕಾಣುವವರೆಗೂ ಚೀಲ ಇಳಿಸಿದೆವು. ಕತ್ತಲಾದಾಗಲೂ ಬುಗ್ಗೆ ಕೆಂಪಗೇ ಇತ್ತು. ಅಕ್ಕ ಏಳಲಿಲ್ಲ. ನಾನು ಅವಳ ಹೊಸ್ತಿಲ ಮೇಲೆ ಕೂತೇ ಬೆಳಗು ಮಾಡಿದೆ.

ಬೆಳಿಗ್ಗೆ ಅವಳು ತಂಬಿಗೆಯಿಂದ ಗುಂಡಿಯ ನೀರೆಲ್ಲ ಮೊಗೆದು ಹೊರಗೆ ಚೆಲ್ಲಿದಳು. ಕಿಂಡಿಯಿಂದ ಸಣ್ಣಗೆ ಹರಿದ ಹೊಸ ನೀರು ಗುಂಡಿಯ ತಳದಲ್ಲಿ ಮತ್ತೆ ನಿಂತಿತು. ಅವಳು ಕಾಲು ಇಳಿಬಿಟ್ಟು ಬಗ್ಗಿ ನೋಡಿದಳು.

"ಇಲ್ನೋಡೋ," ಎಂದಳು, "ಬೆರಳು ಕಾಣ್ತಾ ಐತೆ."

ಹೋಗಿ ನೋಡಿದೆ. ತಿಳಿನೀರಿನಲ್ಲಿ ಅವಳ ಕಾಲುಂಗುರದ ಹಳೆಯ ಕಲೆಯೂ ಕಾಣುತ್ತಿತ್ತು. ಅಲ್ಲೇ ಒದ್ದೆ ನೆಲದ ಮೇಲೆ ಕೂತುಬಿಟ್ಟೆ. ಅವಳು ಲಾಳಿ ಕೈಗೆತ್ತಿಕೊಂಡು, "ಬೆಳಕಿಗೆ ಅಡ್ಡ ಕೂತೀಯ, ಸರ್ಕೊ," ಎಂದಳು.