ಒಂದು ಅಂಕಿ ತಪ್ಪಿದ್ದಕ್ಕೆ ಸಿಕ್ಕ ಹೆಡ್‌ಮಿಸ್ಟ್ರೆಸ್

ಸ್ನೇಹಿತರೇ, ನಮ್ಮ ತರಕಾರಿ ಆ್ಯಪ್ ನಿಧಾನವಾದರೆ ನನ್ನ ಮೊಬೈಲಿಗೆ ಎಚ್ಚರಿಕೆಯ ಮೆಸೇಜ್ ಬರಬೇಕು. ವಾರದಿಂದ ಒಂದೂ ಬಂದಿರಲಿಲ್ಲ. ಆ ಖುಷಿಗೆ ಇವತ್ತು ಟೀಮಿಗೆಲ್ಲ ಮಸಾಲೆ ದೋಸೆ ಕೊಡಿಸಿದೆ. ಕೈ ತೊಳೆಯುವಷ್ಟರಲ್ಲಿ ನಮ್ಮ ಸಹಾಯವಾಣಿಗೆ ಫೋನ್ ಬಂತು, ನಾನೇ ಎತ್ತಿದೆ.

"ಏನಪ್ಪಾ, ನಿಮ್ಮ ಆ್ಯಪ್ ದಿನಾ ಹತ್ತೂವರೆಗೆ ಒದ್ದಾಡುತ್ತೆ. ಅಲ್ಲಿ ನೋಡೋರು ಯಾರೂ ಇಲ್ವಾ?"

ಫೋನ್ ಮಾಡಿದವರು ಲಕ್ಷ್ಮೀಪುರಂನ ನಿವೃತ್ತ ಹೆಡ್‌ಮಿಸ್ಟ್ರೆಸ್. ಎಚ್ಚರಿಕೆಯ ಮೆಸೇಜಿಗೆ ನನ್ನ ನಂಬರನ್ನು ಹಾಕುವಾಗ ನಾನೇ ಒಂದು ಅಂಕಿ ತಪ್ಪಿದ್ದೆ. ಮೆಸೇಜುಗಳೆಲ್ಲ ಅವರಿಗೆ ಹೋಗಿವೆ, ಅವರು ದಿನವಾರು ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದಾರೆ!

"ಹತ್ತೂವರೆಗೆ ನೀವೇನ್ ಮಾಡ್ತೀರಿ?"

"ಒಟ್ಟಿಗೆ ಸಾವಿರ ಜನ ಬಂದ್ರೆ ಆ್ಯಪ್ ತಡ್ಕೊಳ್ಳುತ್ತಾ ಅಂತ ಟೆಸ್ಟ್ ಹಾಕಿ ಕಾಫಿಗೆ ಹೋಗ್ತೀವಿ, ಮೇಡಂ."

"ಮತ್ತೆ! ಜನ ತರಕಾರಿಗೆ ಬರೋ ಹೊತ್ತಲ್ಲೇ ನೀವು ಬಾಗಿಲಿಗೆ ಅಡ್ಡ ನಿಂತ್ಬುಟ್ರೆ?"

ಸರಿಯಾಗಿಯೇ ಹಿಡಿದಿದ್ದರು. ಟೆಸ್ಟನ್ನು ಕೂಡಲೇ ಬೇರೆ ಸರ್ವರಿಗೆ ಸಾಗಿಸಿದೆ. ಕ್ಷಮೆ ಕೇಳಿ, "ನಿಮ್ಮ ನಂಬರ್ ತೆಗೀತೀನಿ, ಮೇಡಂ" ಎಂದೆ.

"ತೆಗೀಬೇಡ ಕಣಪ್ಪ. ನೀವು ಕಾಫಿಗೆ ಹೋದಾಗ ನೋಡ್ಕೊಳ್ಳೋಕೆ ಒಬ್ರು ಬೇಡ್ವಾ?"

ಈಗ ಎಚ್ಚರಿಕೆ ಇಬ್ಬರಿಗೂ ಹೋಗುತ್ತದೆ. ಸಂಜೆಯ ಕಾಫಿಯನ್ನು ನಾನು, ಹೆಡ್‌ಮಿಸ್ಟ್ರೆಸ್ ನೋಡುತ್ತಿರುವ ಹಾಗೆ, ನಿಂತುಕೊಂಡೇ ಕುಡಿದೆ.